ಮನೆಯ ಖಾತೆ, ಅಂಗಡಿಯ ಖಾತೆ

ಇಳಕಲ್ಲಿನಲ್ಲಿ ಸೀರೆಯ ಅಂಗಡಿಯನ್ನಿಟ್ಟುಕೊಂಡು ಬಾಗಲಕೋಟೆಯಲ್ಲಿ ಸಂಸಾರ ಹೂಡಿರುವ ಗೃಹಸ್ಥರೊಬ್ಬರಿದ್ದಾರೆ. ಅವರ ಹೆಸರು ಓದುಗರಿಗೆ ಬೇಕಾಗಿಲ್ಲ. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕಾಗಿ ಆತುರಪಡುವ ಹತ್ತಾರು ಜನರಲ್ಲಿ ಅವರೂ ಒಬ್ಬರು. ಒಂದು ಕೈಯಲ್ಲಿ ಬುತ್ತಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲು. ಬಸ್ಸು ಕಮತಗಿಯನ್ನು ದಾಟಿ, ಕರದಂಟಿಗೆ ಹೆಸರಾದ ಅಮೀನಗಡದಲ್ಲಿ ಒಂದು ಗಳಿಗೆ ನಿಂತು, ಹುನಗುಂದದ ನಿಲ್ದಾಣವನ್ನು ಹೊಕ್ಕಿತೆಂದರೆ ಅವರು ತಪ್ಪದೆ ಒಂದು ಕೆಲಸ ಮಾಡುತ್ತಿದ್ದರು. ಮೊಬೈಲನ್ನು ತೆರೆದು ಮನೆಯ ಖಾತೆಯಿಂದ ಹೊರಬಂದು ಅಂಗಡಿಯ ಖಾತೆಯನ್ನು ಪ್ರವೇಶಿಸುತ್ತಿದ್ದರು. ಸಂಜೆ ಹಿಂದಿರುಗುವಾಗ ಅದೇ ಹುನಗುಂದದಲ್ಲಿ ಅಂಗಡಿಯ ಖಾತೆಗೆ ವಿದಾಯ ಹೇಳಿ ಮನೆಯ ಖಾತೆಗೆ ಮರಳುತ್ತಿದ್ದರು. ಸಂಧ್ಯಾವಂದನೆಗೆ ಹೊತ್ತು ತಪ್ಪಿಸುವವರುಂಟು. ಇವರು ಈ ನೇಮಕ್ಕೆ ಹೊತ್ತು ತಪ್ಪಿಸಿದವರಲ್ಲ.

ಇದು ಬ್ಯಾಂಕಿನ ಖಾತೆಯಲ್ಲ. ದೀಪಾವಳಿಗೆ ಅರಿಷಿಣ ಕುಂಕುಮ ಹಚ್ಚಿಸಿಕೊಳ್ಳುವ ಕಿರ್ದಿ ಖಾತೆಯೂ ಅಲ್ಲ. ತಂತಿಯ ಹಂಗಿಲ್ಲದೆ ಹಾಡುವ ಸ್ಪೀಕರಿನ ಖಾತೆ. ಮನೆಯಲ್ಲೊಂದು ಸ್ಪೀಕರು, ಅಂಗಡಿಯಲ್ಲೊಂದು ಸ್ಪೀಕರು. ಎರಡನ್ನೂ ಆಳುವುದು ಮೊಬೈಲಿನೊಳಗಿನ ಒಂದೇ ಆ್ಯಪ್. ಆದರೆ ಆ ಆ್ಯಪ್ ಒಂದು ಹೊತ್ತಿಗೆ ಒಂದೇ ಖಾತೆಯನ್ನು ಬಲ್ಲದು. ಮನೆಯ ಖಾತೆಯಲ್ಲಿದ್ದಾಗ ಅಂಗಡಿಯನ್ನು ಕಂಡರೂ ಕಾಣದಂತಿರುತ್ತದೆ. ಅಂಗಡಿಯ ಖಾತೆಯಲ್ಲಿದ್ದಾಗ ಮನೆ ಯಾರದೋ ಎಂಬಂತಿರುತ್ತದೆ. ಹಾಗೆ ನೋಡಿದರೆ, ಮನೆಗೆ ಬಂದ ಮೇಲೂ ಕಚೇರಿಯನ್ನು ತಲೆಯಲ್ಲಿ ಹೊತ್ತು ಕೂಡುವ ಮನುಷ್ಯನಿಗಿಂತ ಅದು ಹೆಚ್ಚು ಶಿಸ್ತಿನದೆಂದೇ ಹೇಳಬೇಕು.

ಮೊದಲು ಇವರಿಗೂ ಒಂದೇ ಖಾತೆಯಿತ್ತು. ಅದರಿಂದ ಆದ ಫಜೀತಿ ಸಣ್ಣದಲ್ಲ. ಹಾಡಿನ ಚಂದಾ ಒಬ್ಬರ ಹೆಸರಿನದು. ಒಂದು ಹೊತ್ತಿಗೆ ಒಂದೇ ಕಡೆ ನುಡಿಯತಕ್ಕದ್ದು. ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಶಹನಾಯಿ ಹಚ್ಚಿದರೆ ಬಾಗಲಕೋಟೆಯ ಮನೆಯಲ್ಲಿ ಅವರ ತಾಯಿ ಕೇಳುತ್ತಿದ್ದ ವಚನಗಾಯನ ನಡುವೆಯೇ ನಿಂತುಬಿಡುತ್ತಿತ್ತು. ತಾಯಿ ಮತ್ತೆ ಹಚ್ಚಿದರೆ ಅಂಗಡಿಯ ಶಹನಾಯಿ ಮೂಕವಾಗುತ್ತಿತ್ತು. ಒಂದೇ ಹಗ್ಗವನ್ನು ಎರಡೂರಿನಿಂದ ಜಗ್ಗಿದಂತಾಯಿತು. ಅದೂ ಅಲ್ಲದೆ, ಕೇಳಿದವರ ರುಚಿಯನ್ನು ಅರಿತು ಮುಂದಿನ ಹಾಡನ್ನು ತಾನೇ ಸೂಚಿಸುವ ಯಂತ್ರದ ಬುದ್ಧಿಯೂ ಕಲಬೆರಕೆಯಾಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ತಾಯಿಗೆ ಅದು ಮದುವೆಯ ಮೆರವಣಿಗೆಯ ಕುಣಿತದ ಹಾಡುಗಳನ್ನು ಶಿಫಾರಸು ಮಾಡತೊಡಗಿತು. ಧಾರೆಯ ಸೀರೆ ಆರಿಸಲು ಬಂದ ಬೀಗರ ಮುಂದೆ ಸಂಸಾರ ನಿಸ್ಸಾರವೆಂಬ ಪದಗಳನ್ನು ಹಾಡತೊಡಗಿತು.

ಲೆಕ್ಕ ಬರೆಯುವವರು ಇನ್ನೊಂದು ಮಾತನ್ನೂ ತಿಳಿಹೇಳಿದರು. ಮನೆಯವರಿಗಾಗಿ ಕೊಂಡ ಚಂದಾ ಮನೆಗೆ ಮಾತ್ರ. ಧ್ವನಿಮುದ್ರಣವನ್ನು ಸಾರ್ವಜನಿಕರಿಗೆ ಕೇಳಿಸುವ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಅದರ ಒಡೆಯರಿಗೆ ಕೊಟ್ಟಿದೆ. ಗಿರಾಕಿಗಳು ಬಂದುಹೋಗುವ ಅಂಗಡಿ ಮನೆಯ ಪಡಸಾಲೆ ಎನ್ನಿಸಿಕೊಳ್ಳಲಾರದು. ಆದ್ದರಿಂದ ವ್ಯವಹಾರಕ್ಕೆ ಬೇರೆ ಚಂದಾ, ಬೇರೆ ಪರವಾನಗಿ, ಬೇರೆ ಖಾತೆ. ಗೃಹಸ್ಥರು ನ್ಯಾಯಕ್ಕೆ ಹೆದರುವವರು. ಎರಡು ಖಾತೆಗಳನ್ನು ಮಾಡಿದರು. ಹುನಗುಂದದ ನೇಮವನ್ನು ಹಿಡಿದರು.

ಈ ಸುದ್ದಿಯನ್ನು ಕೇಳಿ ಅವರ ತಾಯಿ ನಕ್ಕರು. ಈ ಪ್ರಶ್ನೆ ಆ ಮನೆತನಕ್ಕೆ ಹೊಸದಾಗಿರಲಿಲ್ಲ.

ಗೃಹಸ್ಥರ ತಂದೆ ಇಳಕಲ್ಲಿನಲ್ಲಿ ನೇಕಾರರಾಗಿದ್ದರು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ನುಡಿಯಲಾರಂಭಿಸಿತು. 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಮದುವೆಯಾದ ಹೊಸದರಲ್ಲಿ, ಅರುವತ್ತರ ದಶಕದಲ್ಲಿ, ಅವರು ಹಣ ಕೂಡಿಸಿ ಒಂದು ರೇಡಿಯೋ ಕೊಂಡರು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ 1933ರ ವೈರ್‌ಲೆಸ್ ಕಾಯ್ದೆಯಂತೆ ಪರವಾನಗಿ ಬೇಕಾಗಿತ್ತು. ಅಂಚೆಯ ಕಚೇರಿಯಲ್ಲಿ ಹಣ ಕಟ್ಟಿ ವರ್ಷ ವರ್ಷ ಅದನ್ನು ಹೊಸದು ಮಾಡಿಸಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಆ ಪರವಾನಗಿಯಲ್ಲಿಯೂ ಭೇದವಿತ್ತು: ಮನೆಬಳಕೆಯದು ಬೇರೆ, ವ್ಯಾಪಾರದ ಸ್ಥಳದ್ದು ಬೇರೆ.

“ರೇಡಿಯೋ ಮನಿಗೋ, ಉದ್ಯೋಗಕ್ಕೋ?” ಎಂದು ಗುಮಾಸ್ತರು ಕೇಳಿದರಂತೆ.

ನೇಕಾರರು ನಿಂತೇ ನಿಂತರು. ಅವರ ಮಗ್ಗ ಪಡಸಾಲೆಯಲ್ಲಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತರೆ ಅದು ಉದ್ಯೋಗ. ಎದ್ದು ಐದು ಹೆಜ್ಜೆ ನಡೆದು ಒಲೆಯ ಮುಂದೆ ಕುಳಿತರೆ ಅದು ಮನೆ. ಮಗ್ಗದ ಪಕ್ಕದಲ್ಲಿಯೇ ಹೆಂಡತಿ ಕಂಡಿಕೆ ಸುತ್ತುತ್ತಿದ್ದರು; ಅವರ ಮಗ್ಗುಲಲ್ಲಿಯೇ ತೊಟ್ಟಿಲು ತೂಗುತ್ತಿತ್ತು. ಲಾಳಿಯ ಸಪ್ಪಳ ನಿಂತರೆ ಊಟದ ಹೊತ್ತಾಯಿತೆಂದು ಒಳಗಿನವರು ತಿಳಿಯುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ನಿಂತರೆ ಮಗ್ಗದವರು ತಿಳಿಯುತ್ತಿದ್ದರು. ಇಂಥ ಮನೆಯಲ್ಲಿ ರೇಡಿಯೋ ಯಾರ ಪಾಲಿನದು? “ಎರಡೂ ಒಂದ ಐತ್ರಿ ಸಾಹೇಬ್ರ, ನೀವ ಒಂದು ಬರಕೋರಿ” ಎಂದು ಅವರು ಕೈ ಮುಗಿದರಂತೆ. ಗುಮಾಸ್ತರು ಮನೆ ಎಂದೇ ಬರೆದುಕೊಂಡರು.

ಅದೇ ಮನೆಯಲ್ಲಿ ನೇಯ್ದ ಸೀರೆಯನ್ನು ನೋಡಿದರೆ ಈ ಎರಡರ ಲೆಕ್ಕ ಬೇರೊಂದು ರೀತಿಯಾಗಿ ತೋರುತ್ತದೆ. ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹೆಚ್ಚಾಗಿ ಹತ್ತಿ. ಸೆರಗಿಗೆ ರೇಷ್ಮೆ, ಇಲ್ಲವೆ ಕೃತಕ ರೇಷ್ಮೆ. ಕೆಂಪು ನೆಲದ ಮೇಲೆ ಬಿಳಿಯ ಸಾಲುಗಳಿರುವ ತೋಪ ತೆನಿಯ ಸೆರಗನ್ನು ಮೈಗೆ ಹೊಲಿಯುವುದಿಲ್ಲ. ಎರಡು ಹಾಸುಗಳ ಎಳೆಗಳನ್ನು ಕೊಂಡಿಯೊಳಗೆ ಕೊಂಡಿಯನ್ನು ಸಿಕ್ಕಿಸಿ ಕೂಡಿಸುತ್ತಾರೆ. ಒಂದೊಂದು ಸೀರೆಗೂ ಈ ಕೆಲಸವಾಗಬೇಕು. ಒಂದು ಕೊಂಡಿ ತಪ್ಪಿದರೂ ಕಣ್ಣುಳ್ಳ ಗಿರಾಕಿ ಬೆರಳಿಟ್ಟು ತೋರಿಸುತ್ತಾಳೆ.

ನೇಕಾರರು ತೀರಿಕೊಂಡರು, ಮಗ ಮಗ್ಗವನ್ನು ಬಿಟ್ಟು ಅಂಗಡಿ ಹಿಡಿದರು. ಸೊಸೆ ಬಾದಾಮಿಯ ಶಾಲೆಯೊಂದರಲ್ಲಿ ಇತಿಹಾಸದ ಶಿಕ್ಷಕಿ. ಬಾಗಲಕೋಟೆಯಿಂದ ಬಾದಾಮಿಗೆ ರೈಲಿನ ಅನುಕೂಲವಿದೆ. ಮಕ್ಕಳ ಕಾಲೇಜಿಗೂ ಆ ಊರೇ ಲೇಸು. ಹೀಗೆ ಸಂಸಾರ ನವನಗರಕ್ಕೆ ಬಂದಿತು. ಮುದುಕಿಗೆ ಬಾಗಲಕೋಟೆ ತವರೂರು. ಆದರೆ ಅವರು ಹುಟ್ಟಿದ ಓಣಿ ಈಗ ಇಲ್ಲ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ಕೃಷ್ಣೆಯ ಹಿನ್ನೀರು ಏರಿ ಬಂದು ಹಳೆಯ ಊರಿನ ತಗ್ಗಿನ ಭಾಗಗಳನ್ನು ಮುಳುಗಿಸಿತು. ಓಣಿಯ ಹೆಸರಿನಿಂದ ಪರಿಚಯವಾಗುತ್ತಿದ್ದ ಜನ ನವನಗರದಲ್ಲಿ ಸೆಕ್ಟರಿನ ಸಂಖ್ಯೆಯಿಂದ ಪರಿಚಯವಾಗತೊಡಗಿದರು. ಹೊಸ ವಿಳಾಸವನ್ನು ಮುದುಕಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಕನಸಿನಲ್ಲಿ ಮಾತ್ರ ಹಳೆಯ ಓಣಿಯೇ ಬರುತ್ತದೆಂದು ಹೇಳುತ್ತಾರೆ.

ಮಗ ಎಂಟು ಗಂಟೆಗೆ ಇಳಕಲ್ಲಿಗೆ, ಸೊಸೆ ಬಾದಾಮಿಗೆ, ಮೊಮ್ಮಕ್ಕಳು ಕಾಲೇಜಿಗೆ. ಆಮೇಲೆ ಸಂಜೆಯವರೆಗೂ ಮನೆಯಲ್ಲಿ ಮುದುಕಿ ಮತ್ತು ಸ್ಪೀಕರು. ರಕ್ತದೊತ್ತಡಕ್ಕೆ ಮಧ್ಯಾಹ್ನದ ಊಟದ ಮೇಲೆ ಒಂದು ಗುಳಿಗೆ ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಮರೆತಾರೆಂದು ಮಗ ತಮ್ಮ ಧ್ವನಿಯನ್ನೇ ಮುದ್ರಿಸಿ, ದಿನಾಲು ಎರಡು ಗಂಟೆಗೆ ಸ್ಪೀಕರು ಅದನ್ನು ನುಡಿಯುವಂತೆ ಮಾಡಿಟ್ಟಿದ್ದರು: “ಅವ್ವಾ, ಎರಡು ಗಂಟೆ ಆತು. ಊಟ ಆತಲ್ಲ? ಗುಳಿಗಿ ತಗೋ.” ಇದು ಮನೆಯ ಖಾತೆಯ ಕೆಲಸ. ಒಂದು ವರ್ಷ ತಪ್ಪದೆ ನಡೆಯಿತು.

ಸೊಸೆಯ ಹತ್ತಿರವೂ ಒಂದು ಸಣ್ಣ ಸ್ಪೀಕರು ಉಂಟು. ಅದು ಬ್ಲೂಟೂತಿನದು, ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹೆರಾಲ್ಡನೆಂಬ ರಾಜನ ಅಡ್ಡಹೆಸರನ್ನು ಹೊತ್ತ ವಿದ್ಯೆ. ಅದಕ್ಕೆ ಖಾತೆಯ ಗೊಡವೆಯಿಲ್ಲ. ಸುಮಾರು ಮೂವತ್ತು ಅಡಿಯೊಳಗಿರುವ, ಒಮ್ಮೆ ಗುರುತಾದ ಮೊಬೈಲಿನೊಡನೆ ತಾನೇ ಕೈ ಕೂಡಿಸುತ್ತದೆ. ಮನೆಯ ದೊಡ್ಡ ಸ್ಪೀಕರಿನ ರೀತಿ ಬೇರೆ. ಅದು ಮನೆಯ ವೈಫೈಗೆ ಸೇರಿದ್ದು. ಮೊಬೈಲೂ ಅದೇ ವೈಫೈಯಲ್ಲಿದ್ದರೆ ಮಾತ್ರ ಆ್ಯಪ್‌ನ ಕಣ್ಣಿಗೆ ಬೀಳುತ್ತದೆ. ಈ ವ್ಯತ್ಯಾಸವನ್ನು ಗೃಹಸ್ಥರು ಬಲ್ಲರು. ಆದರೆ ಬಲ್ಲುದೆಲ್ಲ ಬೇಕಾದ ಹೊತ್ತಿಗೆ ನೆನಪಿಗೆ ಬರುವುದೆಂಬ ನಿಯಮವಿಲ್ಲ.

ಗಂಡನ ಎರಡು ಖಾತೆಗಳ ವಿಚಾರ ಕೇಳಿದಾಗ ಶ್ರೀಮತಿಯವರು ತಮ್ಮ ಪಾಠದಿಂದ ಒಂದು ನಿದರ್ಶನ ಕೊಟ್ಟರು. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶ ಮಾಡಿಸಿದ. ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಶಾಸನವನ್ನು ಕೆತ್ತಿಸಿ, ಅದರ ಪುಣ್ಯಫಲ ಅಣ್ಣ ಕೀರ್ತಿವರ್ಮನಿಗೆ ಸಲ್ಲತಕ್ಕದ್ದೆಂದು ಬರೆಯಿಸಿದ. “ದುಡಿದವನು ತಮ್ಮ, ಜಮಾ ಆದದ್ದು ಅಣ್ಣನ ಖಾತೆಗೆ. ಬರೆಸುವಾಗ ಮನಸ್ಸಿಟ್ಟು ಬರೆಸಿದ್ದಕ್ಕ ಹದಿನಾಕು ನೂರು ವರ್ಷ ತಪ್ಪಾಗಿಲ್ಲ ನೋಡ್ರಿ” ಎಂದರು. ಗೃಹಸ್ಥರು ಮೆಚ್ಚಿ ತಲೆದೂಗಿದರು. ಮನಸ್ಸಿಟ್ಟು ಎಂಬ ಮಾತು ಅವರ ಕಿವಿಯಲ್ಲಿ ಎಷ್ಟು ಹೊತ್ತು ಉಳಿಯಿತೋ ತಿಳಿಯದು.

ನಾಗರ ಪಂಚಮಿ ಹತ್ತಿರ ಬಂದಿತು. ಉತ್ತರದ ಈ ಸೀಮೆಯಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದ ಮಗಳಿಗೆ ಸೀರೆ ಉಡಿಸದ ಮನೆ ವಿರಳ. ಅಂಗಡಿಯಲ್ಲಿ ನೂಕುನುಗ್ಗಲು. ಹಳೆಯ ಸ್ಪೀಕರು ಅದೇ ಸಮಯಕ್ಕೆ ಕೆಟ್ಟುದರಿಂದ ಹೊಸದೊಂದು ಬಂದಿತ್ತು. ಆ ಸೋಮವಾರ ಬೆಳಿಗ್ಗೆ ಅಮೀನಗಡದಲ್ಲಿ ಹಳೆಯ ಪರಿಚಯದವರೊಬ್ಬರು ಬಸ್ಸು ಹತ್ತಿದರು. ನೂಲಿನ ದರ, ಮಳೆ, ಮಗಳಿಗೆ ವರ ಎಂದು ಮಾತಿಗೆ ಮಾತು ಬೆಳೆದು ಹುನಗುಂದ ಬಂದುದೂ ತಿಳಿಯಲಿಲ್ಲ, ಹೋದುದೂ ತಿಳಿಯಲಿಲ್ಲ. ಗೃಹಸ್ಥರು ಮನೆಯ ಖಾತೆಯನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಯ ಬಾಗಿಲು ತೆರೆದರು.

ಗಿರಾಕಿಗಳು ಮೆಟ್ಟಿಲ ಮೇಲಿದ್ದರು. ಅವರು ಅವಸರದಿಂದ ಹೊಸ ಸ್ಪೀಕರಿನ ಪೆಟ್ಟಿಗೆ ಒಡೆದು ಆ್ಯಪ್ ತೆರೆದರು. ಅದು ಮನೆಯ ಸ್ಪೀಕರನ್ನು ಹುಡುಕಿತು. ಇಳಕಲ್ಲಿನ ವೈಫೈಯಲ್ಲಿ ಅದು ಸಿಕ್ಕೀತೆ? ‘ನಿಮ್ಮ ಸ್ಪೀಕರು ಕಾಣಿಸುತ್ತಿಲ್ಲ, ಅದರ ಜಾಗದಲ್ಲಿ ಹೊಸದನ್ನು ಇಡಲೆ?’ ಎಂಬ ಅರ್ಥದ ಪ್ರಶ್ನೆಯೊಂದು ಮೂಡಿತು. ಕೆಟ್ಟುಹೋದ ಅಂಗಡಿಯ ಸ್ಪೀಕರಿನ ವಿಷಯವೇ ಇರಬೇಕೆಂದು ಅವರು ಆಗಲಿ ಎಂದು ಒತ್ತಿದರು. ಹಾಡು ಬಂದಿತು. ಗಿರಾಕಿಗಳು ಬಂದರು. ಬಾಗಲಕೋಟೆಯಲ್ಲಿದ್ದ ಮನೆಯ ಸ್ಪೀಕರು ಆ ಕ್ಷಣದಿಂದ ತನ್ನ ಕೆಲಸವನ್ನು ಇಳಕಲ್ಲಿಗೆ ಒಪ್ಪಿಸಿಕೊಟ್ಟು ಮೌನವಾಯಿತು.

ಮಧ್ಯಾಹ್ನ ಎರಡಕ್ಕೆ, ಸೀರೆಗಳ ರಾಶಿಯ ನಡುವೆ, ಗೃಹಸ್ಥರ ಧ್ವನಿಯೇ ಗೋಡೆಯಿಂದ ಮೊಳಗಿತು: “ಅವ್ವಾ, ಎರಡು ಗಂಟೆ ಆತು. ಊಟ ಆತಲ್ಲ? ಗುಳಿಗಿ ತಗೋ.”

ಕುಷ್ಟಗಿಯ ಕಡೆಯ ವೃದ್ಧೆಯೊಬ್ಬರು ಮೊಮ್ಮಗಳಿಗಾಗಿ ಸೀರೆ ನೋಡುತ್ತಿದ್ದರು. ಅವರು ತಲೆಯೆತ್ತದೆ, “ಊಟ ಆತಪಾ. ಗುಳಿಗಿ ಊರಾಗ ಬಿಟ್ಟ ಬಂದೀನಿ” ಎಂದರು. ಅಂಗಡಿಯೆಲ್ಲ ನಕ್ಕಿತು. ಗೃಹಸ್ಥರೂ ನಕ್ಕರು, ನಗುತ್ತಲೇ ಎರಡು ಸೀರೆ ಹೆಚ್ಚು ಮಾರಿದರು. ಸಂಜೆ ತಡವಾಗಿ ಮನೆ ಸೇರಿ, ಉಂಡು ಮಲಗಿದರು. ಮಂಗಳವಾರ ಎರಡು ಗಂಟೆಗೆ ಐದು ನಿಮಿಷವಿರುವಾಗ ಜಾಣತನದಿಂದ ಸ್ಪೀಕರಿನ ಸದ್ದನ್ನು ಅಡಗಿಸಿಟ್ಟರು. ಬುಧವಾರ ಮರೆತರು. ಮೊಮ್ಮಗಳಿಗೆ ಬಣ್ಣ ಒಪ್ಪಲಿಲ್ಲವೆಂದು ಸೀರೆ ಬದಲಿಸಲು ಬಂದಿದ್ದ ಅದೇ ವೃದ್ಧೆಯ ಮುಂದೆ ಅದೇ ಮಾತು ಮತ್ತೆ ಮೊಳಗಿತು.

ಈ ಸಲ ಅವರು ನಗಲಿಲ್ಲ. “ತಮ್ಮಾ, ಇದು ಯಾರಿಗೆ ಹೇಳೂದು?” ಎಂದು ಕೇಳಿದರು.

“ನಮ್ಮವ್ವಗರಿ. ಬಾಗಲಕೋಟ್ಯಾಗ ಇರ್ತಾಳ.”

“ಬಾಗಲಕೋಟ್ಯಾಗಿನ ಅವ್ವಗ ಇಳಕಲ್ಲಾಗ ಕೂಗಿದ್ರ ಕೇಳ್ತೈತೇನು?”

ಗೃಹಸ್ಥರ ಕೈಯಲ್ಲಿದ್ದ ಗಜಕೋಲು ಅಲ್ಲಿಯೇ ನಿಂತಿತು. ಇಲ್ಲಿ ನುಡಿದುದು ಅಲ್ಲಿ ನುಡಿದಿರಲಾರದೆಂಬುದು ಮೂರು ದಿನಗಳ ಮೇಲೆ, ಬೇರೆಯವರ ಬಾಯಿಂದ, ಅವರಿಗೆ ಹೊಳೆಯಿತು. ಮನೆಗೆ ಫೋನು ಮಾಡಿದರು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದರು, ಮತ್ತೆ ನಿಂತಿತು. ಶ್ರೀಮತಿಯವರು ತರಗತಿಯಲ್ಲಿದ್ದಿರಬೇಕು, ಅವರ ಫೋನು ಮೂಕವಾಗಿತ್ತು. ಹಬ್ಬದ ಗಿರಾಕಿಗಳು ಸುತ್ತ ನಿಂತು ಬೆಲೆ ಕೇಳುತ್ತಿದ್ದರು. ಅವರ ಮಾತು ಯಾವುದೋ ದೂರದ ಓಣಿಯಿಂದ ಬಂದಂತೆ ಕೇಳುತ್ತಿತ್ತು. ಮೂರನೆಯ ಸಲ ತಾಯಿ ಫೋನು ಎತ್ತಿದರು. ಹಿತ್ತಲಿನಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ತರಲು ಹೋಗಿದ್ದರಂತೆ.

“ಅವ್ವಾ, ಗುಳಿಗಿ ತಗೊಂಡ್ಯೇನು?”

“ಇಲ್ಲಪಾ.”

“ನಿನ್ನೆ? ಮೊನ್ನೆ?”

“ಮೂರೂ ಡಬ್ಬ್ಯಾಗ ಅದಾವು.”

“ಯಾಕವ್ವಾ? ಮರತ್ಯೇನು?”

“ಮರೀಲಿಲ್ಲ. ಡಬ್ಬಿ ಕಣ್ಣ ಮುಂದ ಐತಿ. ನೀ ಹೇಳ್ತಿ ಅಂತ ಕುಂತಿದ್ದೆ. ನೀ ಹೇಳಲಿಲ್ಲ. ಡಾಕ್ಟ್ರು ಬಿಡು ಅಂದಾರೇನೋ, ಅದಕ್ಕ ಮಗ ಸುಮ್ಮನ ಆಗ್ಯಾನ ಅಂತ ತಿಳಕೊಂಡೆ.”

ಗೃಹಸ್ಥರು ಅಂಗಡಿಯನ್ನು ಆಳುಗಳ ಕೈಗೆ ಬಿಟ್ಟು ಸಿಕ್ಕ ಬಸ್ಸು ಹತ್ತಿದರು. ಸಂಜೆ ತಾಯಿಯನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ರಕ್ತದೊತ್ತಡ ಎಂದಿಗಿಂತ ಮೇಲೇರಿತ್ತು; ದೇವರ ದಯದಿಂದ ಅನಾಹುತವಾಗಿರಲಿಲ್ಲ. ಗುಳಿಗೆಯನ್ನು ಮತ್ತೆ ಎಂದಿನಂತೆ ಕೊಡಬೇಕೆಂದೂ, ತಪ್ಪಿದುದಕ್ಕಾಗಿ ಎರಡೆರಡು ಕೊಡಬಾರದೆಂದೂ ಡಾಕ್ಟರು ಹೇಳಿ ಕಳಿಸಿದರು.

ಆ ರಾತ್ರಿ ಗಂಡಹೆಂಡಿರಿಬ್ಬರೂ ಕುಳಿತು ಖಾತೆಗಳನ್ನು ನೇರ್ಪಡಿಸಿದರು. ಅಂಗಡಿಯ ಸ್ಪೀಕರನ್ನು ಮನೆಯ ಖಾತೆಯಿಂದ ತೆಗೆದರು. ಮನೆಯ ಸ್ಪೀಕರನ್ನು ಮತ್ತೆ ಸೇರಿಸಿ, ಸುಮ್ಮನೆ ಸಂಖ್ಯೆ ಕೊಡದೆ ‘ಅವ್ವನ ಕೋಣೆ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟರು. ಒಂದೇ ಮೊಬೈಲಿನಲ್ಲಿ ಎರಡು ಖಾತೆಗಳನ್ನು ಹೊತ್ತು ದಿನಾಲು ಬದಲಿಸುವುದೇ ಅನರ್ಥದ ಮೂಲವೆಂದು ಶ್ರೀಮತಿಯವರು ಕಂಡುಹಿಡಿದರು. ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಮೊಬೈಲೊಂದನ್ನು ಹೊರತೆಗೆದು ಮನೆಯ ಖಾತೆಯನ್ನು ಅದಕ್ಕೆ ಕಾಯಮಾಗಿ ಒಪ್ಪಿಸಿದರು. ಅದು ಮನೆಯನ್ನು ಬಿಟ್ಟು ಕದಲುವುದಿಲ್ಲ. ಗೃಹಸ್ಥರ ಮೊಬೈಲಿನಲ್ಲಿ ಈಗ ಅಂಗಡಿಯ ಖಾತೆ ಮಾತ್ರ. ಹುನಗುಂದದ ನೇಮ ಅಲ್ಲಿಗೆ ಮುಗಿಯಿತು. ಕೆಲಸವಾದದ್ದು ಅರ್ಧ ಗಂಟೆಯಲ್ಲಿ; ಒಂದು ವರ್ಷದ ಹಿಂದೆಯೇ ಆಗಬಹುದಾಗಿದ್ದ ಅರ್ಧ ಗಂಟೆ.

ತಾಯಿ ಮಂಚದ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮಗ ಹತ್ತಿರ ಬಂದು, “ಅವ್ವಾ, ಅದು ನಾ ಅಲ್ಲ, ಡಬ್ಬಿ ಮಾತಾಡೂದು. ಅದು ಹೇಳಲಿಲ್ಲ ಅಂತ ಗುಳಿಗಿ ಬಿಡಬ್ಯಾಡ” ಎಂದು ತಿಳಿಯಹೇಳಿದರು.

“ಡಬ್ಬಿ ಅಂತ ನನಗ ಗೊತ್ತಿಲ್ಲೇನು?” ಎಂದರು ತಾಯಿ. “ದಿನಾ ಅದ ಮಾತು, ಅದ ರಾಗ. ಆದ್ರ ಧ್ವನಿ ನಿಂದಲ್ಲೇನು? ನಿಮ್ಮಪ್ಪ ಕುಣ್ಯಾಗ ಕುಂತಲ್ಲೆ ಒಂದು ಮಾತು ಕೂಗತಿದ್ರು, ‘ಉಂಡ್ಯೇನ?’ ಅಂತ. ಐದು ಹೆಜ್ಜಿ ಅಷ್ಟ. ನೀ ಅಷ್ಟು ದೂರ ಹೋಗಿ ಕೂಗತಿ. ಕೂಗೋದು ಕೇಳಿದ ಮ್ಯಾಲೆ ಗುಳಿಗಿ ನುಂಗೋದು ನನಗ ರೂಢಿ ಆತು.”

ಮಗ ಏನೂ ಹೇಳಲಿಲ್ಲ.

ಮರುದಿನದಿಂದ ಎರಡು ಗಂಟೆಗೆ ಐದು ನಿಮಿಷವಿರುವಾಗ, ಎದುರಿಗೆ ಎಷ್ಟೇ ಗಿರಾಕಿಗಳಿರಲಿ, ಗೃಹಸ್ಥರು ಅಂಗಡಿಯ ಹೊರಗಿನ ಕಟ್ಟೆಗೆ ಬಂದು ತಾಯಿಗೆ ಫೋನು ಮಾಡುತ್ತಾರೆ. ಹೇಳುವುದು ಆ ಎರಡು ಮಾತೇ. ಕೆಲವು ದಿನ ಅವು ನಾಲ್ಕಾಗುತ್ತವೆ, ಹಳೆಯ ಓಣಿಯ ಸುದ್ದಿ ಬಂದರೆ ಹತ್ತಾಗುತ್ತವೆ. ಒಂದು ದಿನ ಹೀಗೆ ಮಾತು ನಡೆದಿರುವಾಗಲೇ ಎರಡು ಬಾರಿಸಿತು. ಫೋನಿನಲ್ಲಿ ಒಬ್ಬ ಮಗ, ಗೋಡೆಯಲ್ಲಿ ಒಬ್ಬ ಮಗ, ಇಬ್ಬರೂ ಒಮ್ಮೆಲೇ ಗುಳಿಗೆ ತಗೋ ಎಂದರು. ಗೃಹಸ್ಥರಿಗೆ ನಾಚಿಕೆಯಾಯಿತು.

“ಇನ್ನ ಆ ಡಬ್ಬೀದು ಯಾಕವ್ವಾ, ತಗಸಿಬಿಡ್ತೀನಿ” ಎಂದರು.

ತಾಯಿ ಸ್ವಲ್ಪ ಯೋಚಿಸಿದರು. “ಇರಲಿ ಬಿಡಪಾ” ಎಂದರು. “ನಿನಗ ಗಿರಾಕಿ ಹೆಚ್ಚಾದ ದಿನ ಬೇಕಾಗ್ತೈತಿ.”